ರೆಪ್ಪೆ ಸರ್ಜರಿನಾ, ಬೊಟಾಕ್ಸಾ, ಫಿಲ್ಲರಾ, ಇಲ್ಲ ಸುಮ್ನೆ ಇರೋದಾ: ದುಡ್ಡು ಕಟ್ಟೋ ಮುಂಚೆ ಓದಿ

"ನಿದ್ದೆ ಸರಿ ಆಗಿಲ್ವಾ" ಅಂತ ಆಫೀಸಲ್ಲಿ ಒಬ್ರು ಕೇಳ್ತಾರೆ, ಮದುವೆ ಮನೇಲಿ ಸೋದರತ್ತೆ ಕೇಳ್ತಾರೆ, ಆಮೇಲೆ ಫೋಟೋ ನೋಡ್ಕೊಂಡ್ರೆ ನಮಗೂ ಹಾಗೇ ಅನ್ಸುತ್ತೆ, ಅಲ್ಲಿಂದ ಶುರು ರೆಪ್ಪೆ ಸರ್ಜರಿ ಮಾಡಿಸ್ಕೊಂಡ್ರೆ ಹೇಗೆ ಅನ್ನೋ ಯೋಚನೆ. ನಾನು ಕಣ್ಣಿನ ಆಸ್ಪತ್ರೇಲಿ ಆಪ್ಟೊಮೆಟ್ರಿಸ್ಟ್, ಅಂದ್ರೆ ಕಣ್ಣು ಪರೀಕ್ಷೆ ಮಾಡೋದು ನನ್ನ ಕೆಲಸ. ಸರ್ಜನ್ ಅಲ್ಲ. ಆದ್ರೆ ಸರ್ಜನ್ ರೂಮಿಗೆ ಹೋಗೋರೆಲ್ಲ ಮೊದಲು ನನ್ನ ಮುಂದೆ ಕೂತೇ ಹೋಗ್ಬೇಕು, ಹಾಗಾಗಿ ಯಾರಿಗೆ ಯಾವುದು ಕೆಲಸ ಮಾಡ್ತು, ಯಾರು ಬೇರೆ ಕಡೆ ಏನೋ ಮಾಡಿಸ್ಕೊಂಡು ಬೇಜಾರಲ್ಲಿ ಬಂದ್ರು ಅನ್ನೋದನ್ನ ಹತ್ತಿರದಿಂದ ನೋಡ್ತಾ ಇರ್ತೀನಿ.

ನೋಡಿ ನನಗೆ ಅರ್ಥ ಆಗಿರೋದು ಇಷ್ಟು. ಕಂಪ್ಲೇಂಟ್ ಒಂದೇ, "ಕಣ್ಣು ಸುಸ್ತಾದ ಹಾಗೆ ಕಾಣ್ಸುತ್ತೆ" ಅಂತ, ಆದ್ರೆ ಅದಕ್ಕೆ ಕಾರಣ ಐದಾರು ಇರ್ಬಹುದು, ಒಂದೊಂದಕ್ಕೂ ಟ್ರೀಟ್ಮೆಂಟ್ ಬೇರೆ. ಕಾರಣ ಗೊತ್ತಿಲ್ದೆ ಹೋದ್ರೆ ನೀವು ಯಾವ ಬಾಗಿಲು ತಟ್ತೀರೋ ಅಲ್ಲಿ ಸಿಗೋದೇ ನಿಮಗೆ ಟ್ರೀಟ್ಮೆಂಟ್ ಆಗ್ಬಿಡುತ್ತೆ. ಸ್ಕಿನ್ ಕ್ಲಿನಿಕ್ಕಿಗೆ ಹೋದ್ರೆ ಫಿಲ್ಲರ್, ಸರ್ಜನ್ ಹತ್ರ ಹೋದ್ರೆ ಸರ್ಜರಿ, ಪಾರ್ಲರಿಗೆ ಹೋದ್ರೆ ಕ್ರೀಮು. ಅದಕ್ಕೇ ಯಾವುದು ಒಳ್ಳೇದು ಅಂತ ಹೋಲಿಸೋಕೆ ಮುಂಚೆ ನಿಮ್ಮ ಕಣ್ಣಲ್ಲಿ ಆಗಿರೋದೇನು ಅಂತ ನೋಡ್ಕೊಳ್ಳಿ.

ಮೊದಲು ಕನ್ನಡಿ ಮುಂದೆ

ಬೆಳಿಗ್ಗೆ ಕಿಟಕಿ ಎದುರು ಕೂತು ಕನ್ನಡಿ ಕಣ್ಣಿನ ನೇರಕ್ಕೆ ಹಿಡ್ಕೊಳ್ಳಿ, ಬಾತ್ರೂಮ್ ಲೈಟಲ್ಲಿ ಬೇಡ, ಅದು ಮೇಲಿಂದ ಬಿದ್ದು ಎಲ್ರಿಗೂ ಕಣ್ಣ ಕೆಳಗೆ ನೆರಳು ಮಾಡುತ್ತೆ. ಈಗ ಕಣ್ಣು ಮುಚ್ಚಿ ಹಣೆ ಸಡಿಲ ಬಿಡಿ. ಇದು ಮುಖ್ಯ, ಯಾಕಂದ್ರೆ ರೆಪ್ಪೆ ಭಾರ ಇರೋರು ಗೊತ್ತಿಲ್ದೇನೇ ದಿನಪೂರ್ತಿ ಹುಬ್ಬು ಎತ್ಕೊಂಡೇ ಇರ್ತಾರೆ, ಹಣೆ ಮೇಲೆ ಗೆರೆ ಬಿದ್ದಿರುತ್ತೆ, ಸಾಯಂಕಾಲ ಹಣೆ ನೋವು ಬೇರೆ. ಹುಬ್ಬು ಅಲ್ಲಾಡದ ಹಾಗೆ ಬೆರಳಲ್ಲಿ ಮೆತ್ತಗೆ ಒತ್ತಿ ಹಿಡಿದು ನಿಧಾನಕ್ಕೆ ಕಣ್ಣು ಬಿಡಿ.

ಮೇಲ್ರೆಪ್ಪೆ ಚರ್ಮ ಮಡಿಕೆ ಆಗಿ ಜೋತು ಬಿದ್ದು ರೆಪ್ಪೆ ಕೂದಲ ಮೇಲೆ ಕೂತಿದ್ಯಾ? ಅದು ಚರ್ಮದ ಸಮಸ್ಯೆ. ಚರ್ಮದ ಮಡಿಕೆನ ಬೆರಳಲ್ಲಿ ಎತ್ತಿದ್ರೂ ರೆಪ್ಪೆಯ ಅಂಚು, ಅಂದ್ರೆ ಕೂದಲು ಹುಟ್ಟೋ ಗೆರೆ, ಪಾಪೆ ಹತ್ತಿರಕ್ಕೆ ಇಳಿದೇ ಇದ್ಯಾ? ಅದು ರೆಪ್ಪೆ ಎತ್ತೋ ಸ್ನಾಯುವಿನ ಸಮಸ್ಯೆ, ಇದನ್ನ ಟೋಸಿಸ್ ಅಂತಾರೆ. ಸಾಮಾನ್ಯವಾಗಿ ಮೇಲ್ರೆಪ್ಪೆ ಕಣ್ಣಿನ ಕಪ್ಪು ಭಾಗದ ಮೇಲಂಚನ್ನ 1-2 ಮಿಲಿಮೀಟರ್ ಮುಚ್ಚಿರುತ್ತೆ ಅಷ್ಟೇ. ಪಾಪೆ ಮಧ್ಯದಿಂದ ರೆಪ್ಪೆ ಅಂಚಿಗೆ 4-5 ಮಿಲಿಮೀಟರ್ ಇರ್ಬೇಕು, ಅದು 2ಕ್ಕೆ ಬಂದ್ರೆ ಮೇಲ್ಗಡೆ ನೋಟಾನೇ ಕಮ್ಮಿ ಆಗಿರುತ್ತೆ. ಇನ್ನು ಹುಬ್ಬನ್ನ ಮೇಲಕ್ಕೆ ಎತ್ತಿ ಹಿಡಿದ ತಕ್ಷಣ ಎಲ್ಲಾ ಸರಿ ಹೋದ್ರೆ ತೊಂದ್ರೆ ರೆಪ್ಪೇದಲ್ಲ, ಇಳಿದಿರೋ ಹುಬ್ಬಿಂದು. ಎರಡು ಮೂರು ಸೇರ್ಕೊಂಡಿರೋದೂ ಉಂಟು, 55-60 ದಾಟಿದವರಲ್ಲಿ ಅದೇ ಜಾಸ್ತಿ.

ಜೊತೆಗೆ ಹತ್ತು ಹದಿನೈದು ವರ್ಷದ ಹಿಂದಿನ ಫೋಟೋ ತೆಗೆದು ನೋಡಿ. ಆಗ್ಲೂ ಹೀಗೇ ಇದ್ದಿದ್ರೆ ಅದು ನಿಮ್ಮ ಮನೆತನದ ಕಣ್ಣು, ವಯಸ್ಸಿಂದ ಬಂದಿದ್ದಲ್ಲ.

ಒಂದು ಎಚ್ಚರಿಕೆ. ಒಂದೇ ಕಣ್ಣಿನ ರೆಪ್ಪೆ ಇದ್ದಕ್ಕಿದ್ದ ಹಾಗೆ ಇಳಿದು, ಆ ಕಣ್ಣಿನ ಪಾಪೆ ದೊಡ್ಡದಾಗಿ, ತಲೆ ಸಿಡಿತಾ ಇದ್ರೆ, ಇಲ್ಲ ಒಂದು ಎರಡಾಗಿ ಕಾಣ್ತಾ ಇದ್ರೆ ಕಾಸ್ಮೆಟಿಕ್ ಮಾತೆಲ್ಲ ಪಕ್ಕಕ್ಕಿಡಿ, ಅವತ್ತೇ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಹೋಗಿ, ಮಿದುಳಿನ ರಕ್ತನಾಳ ಉಬ್ಬಿ ನರಾನ ಒತ್ತಿದಾಗ್ಲೂ ಹೀಗಾಗುತ್ತೆ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆ ಆಗ್ತಾ ಆಗ್ತಾ ರೆಪ್ಪೆ ಇಳಿಯುತ್ತೆ ಅಂದ್ರೆ ಮಯಸ್ತೇನಿಯಾ ಅನ್ನೋ ಕಾಯಿಲೆ ಇರ್ಬಹುದು, ಅದಕ್ಕೆ ಔಷಧಿ ಇದೆ, ಮೊದಲ ದಾರಿ ಸರ್ಜರಿ ಅಲ್ಲ. ಅದೇ ರೀತಿ ಕಣ್ಣು ದುರುಗುಟ್ಟಿ ನೋಡೋ ಹಾಗಿದ್ದು, ಕಪ್ಪು ಭಾಗದ ಮೇಲೆ ಬಿಳಿ ಕಾಣ್ತಾ ಇದ್ರೆ ಥೈರಾಯ್ಡ್ ಟೆಸ್ಟ್ ಆಗ್ಲೇಬೇಕು. ಥೈರಾಯ್ಡ್ ಕಣ್ಣಿಗೆ ಬಂದಿದ್ರೆ ಅದು ತಣ್ಣಗಾಗಿ ಕನಿಷ್ಠ ಆರು ತಿಂಗಳು ಹಾಗೇ ನಿಂತ ಮೇಲೆ ರೆಪ್ಪೆ ಮುಟ್ಟೋದು, ಅದಕ್ಕೂ ಮುಂಚೆ ಮಾಡಿಸಿದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಮೇಲ್ರೆಪ್ಪೆ: ಮೂರು ದಾರಿ

ಚರ್ಮ ಮಾತ್ರ ಜಾಸ್ತಿ ಆಗಿದ್ರೆ ಅಪ್ಪರ್ ಬ್ಲೆಫರೋಪ್ಲಾಸ್ಟಿ, ಅಂದ್ರೆ ಮೇಲ್ರೆಪ್ಪೆಯ ಹೆಚ್ಚಿನ ಚರ್ಮ ತೆಗೆಯೋ ಸರ್ಜರಿ. ಕಣ್ಣಿನ ಸುತ್ತ ಮಾಡೋ ಕಾಸ್ಮೆಟಿಕ್ ಕೆಲಸದಲ್ಲಿ ನನಗೆ ಹೆಚ್ಚು ನಂಬಿಕೆ ಇರೋದು ಇದರ ಮೇಲೇನೇ. ಹೇಗೆ ಮಾಡ್ತಾರೆ ಅಂತ ಹೇಳ್ತೀನಿ, ಗೊತ್ತಿದ್ರೆ ಅರ್ಧ ಭಯ ಹೋಗುತ್ತೆ. ನಿಮ್ಮನ್ನ ಕೂರಿಸಿಯೇ ಪೆನ್ನಲ್ಲಿ ಗೆರೆ ಹಾಕ್ತಾರೆ, ಮಲಗಿದ್ರೆ ಹುಬ್ಬು ಹಿಂದಕ್ಕೆ ಸರಿದು ಅಳತೆ ತಪ್ಪುತ್ತೆ. ಮೊದಲ ಗೆರೆ ರೆಪ್ಪೆಯ ಸಹಜ ಮಡಿಕೆ ಮೇಲೆ, ಹೆಂಗಸರಲ್ಲಿ ಅದು ರೆಪ್ಪೆ ಕೂದಲಿಂದ ಸುಮಾರು 8-10 ಮಿಲಿಮೀಟರ್ ಮೇಲಿರುತ್ತೆ, ಗಂಡಸರಲ್ಲಿ ಸ್ವಲ್ಪ ಕೆಳಗೆ. ಆಮೇಲೆ ಸಣ್ಣ ಚಿಮಟದಲ್ಲಿ ಮೇಲಿನ ಚರ್ಮ ಹಿಡಿದು ಚಿವುಟಿ ನೋಡ್ತಾರೆ, ರೆಪ್ಪೆ ಕೂದಲು ಒಂಚೂರು ಮೇಲಕ್ಕೆ ತಿರುಗ್ಬೇಕು, ಆದ್ರೆ ಕಣ್ಣು ತೆರ್ಕೊಳ್ಬಾರ್ದು, ಅಷ್ಟು ಚರ್ಮ ತೆಗೀಬಹುದು ಅಂತ ಲೆಕ್ಕ. ಹುಬ್ಬಿನ ಕೆಳಗಂಚಿಂದ ರೆಪ್ಪೆ ಕೂದಲ ತನಕ ಸುಮಾರು 20 ಮಿಲಿಮೀಟರ್ ಚರ್ಮ ಉಳೀಲೇಬೇಕು, ಇಲ್ಲಾಂದ್ರೆ ಕಣ್ಣು ಪೂರ್ತಿ ಮುಚ್ಚಲ್ಲ. ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ಎಚ್ಚರ ಇರೋವಾಗ್ಲೇ ಮಾಡ್ತಾರೆ, ಆ ಇಂಜೆಕ್ಷನ್ ಸ್ವಲ್ಪ ಉರಿಯುತ್ತೆ, ಆಮೇಲೆ ಎಳೆದ ಹಾಗೆ ಅನ್ಸುತ್ತೆ ಬಿಟ್ರೆ ನೋವಿರಲ್ಲ. ಮಧ್ಯ ಮಧ್ಯ ಕಣ್ಣು ಬಿಡಿ ಮುಚ್ಚಿ ಅಂತ ಹೇಳ್ತಾ ಇರ್ತಾರೆ. ಹೊಲಿಗೆ 5ರಿಂದ 7 ದಿನಕ್ಕೆ ತೆಗೀತಾರೆ, ಗಾಯದ ಗೆರೆ ಮಡಿಕೆ ಒಳಗೆ ಸೇರ್ಕೊಳ್ಳುತ್ತೆ.

ಇದರ ಮಿತಿ ಏನಂದ್ರೆ ಇದು ರೆಪ್ಪೆ ಅಂಚನ್ನ ಎತ್ತಲ್ಲ. ಟೋಸಿಸ್ ಇರೋರಿಗೆ ಚರ್ಮ ಮಾತ್ರ ಕತ್ತರಿಸಿದ್ರೆ ಸರ್ಜರಿ ಆದ್ಮೇಲೂ ನಿದ್ದೆಗಣ್ಣೇ, ಬೇರೆ ಕಡೆ ಮಾಡಿಸ್ಕೊಂಡು ನಮ್ಮಲ್ಲಿಗೆ ಬರೋರಲ್ಲಿ ನಾನು ಹೆಚ್ಚು ನೋಡೋ ಎಡವಟ್ಟು ಇದೇ. ಟೋಸಿಸ್‌ಗೆ ಸ್ನಾಯುವನ್ನೇ ಬಿಗಿ ಮಾಡ್ಬೇಕು, ಹೊರಗಿಂದ ಮಡಿಕೆ ಮೂಲಕ ಒಂದು ದಾರಿ, ರೆಪ್ಪೆ ಒಳಗಿಂದ ಇನ್ನೊಂದು ದಾರಿ. ಯಾವುದು ಅಂತ ಗೊತ್ತಾಗೋಕೆ ನಾವು ಫಿನೈಲೆಫ್ರಿನ್ ಅನ್ನೋ ಡ್ರಾಪ್ಸ್ ಹಾಕಿ ಐದ್ಹತ್ತು ನಿಮಿಷ ಕೂರಿಸ್ತೀವಿ, ರೆಪ್ಪೆ ಮೇಲಕ್ಕೆ ಎದ್ರೆ ಒಳಗಿಂದ ಮಾಡೋ ಸರ್ಜರಿ ಚೆನ್ನಾಗಿ ಆಗುತ್ತೆ ಅಂತ ಅರ್ಥ. ಇನ್ನೊಂದು ವಿಷಯ, ಒಂದು ರೆಪ್ಪೆ ಎತ್ತಿದ್ರೆ ಇನ್ನೊಂದು ಕಣ್ಣಿನ ರೆಪ್ಪೆ ಇಳಿಯೋ ಸಾಧ್ಯತೆ ಇದೆ, ಮಿದುಳು ಎರಡಕ್ಕೂ ಒಟ್ಟಿಗೇ ಸಿಗ್ನಲ್ ಕಳಿಸೋದು, ಒಂದಕ್ಕೆ ಕಷ್ಟ ಕಮ್ಮಿ ಆದ್ರೆ ಇನ್ನೊಂದಕ್ಕೂ ಜೋರು ಕಮ್ಮಿ ಆಗುತ್ತೆ. ಇದನ್ನ ಮೊದಲೇ ಪರೀಕ್ಷೆ ಮಾಡಿ ನೋಡ್ಬಹುದು, ನಿಮ್ಮ ಡಾಕ್ಟ್ರು ನೋಡಿದ್ರಾ ಕೇಳಿ. ಎರಡನೇ ಸಲ ಸರಿ ಮಾಡ್ಬೇಕಾಗಿ ಬರೋ ಚಾನ್ಸು ಚರ್ಮದ ಸರ್ಜರಿಗಿಂತ ಟೋಸಿಸ್ ಸರ್ಜರೀಲಿ ಜಾಸ್ತಿ, ಅರ್ಧ ಒಂದು ಮಿಲಿಮೀಟರಲ್ಲೇ ಎಲ್ಲಾ ನಿಂತಿರೋದು.

ಹುಬ್ಬು ಇಳಿದಿದ್ರೆ ಸ್ನಾಯು ಸಡಿಲ ಮಾಡೋ ಬೊಟಾಕ್ಸ್ ಇಂಜೆಕ್ಷನ್, ಇಲ್ಲ ಹುಬ್ಬನ್ನೇ ಎತ್ತಿ ಕೂರಿಸೋ ಬ್ರೋ ಲಿಫ್ಟ್. ಬೊಟಾಕ್ಸ್ ಹುಬ್ಬಿನ ಹೊರ ತುದೀನ ಒಂದೆರಡು ಮಿಲಿಮೀಟರ್ ಎತ್ತುತ್ತೆ, 3-4 ತಿಂಗಳು ಇರುತ್ತೆ, ಆಮೇಲೆ ಮತ್ತೆ ಹಾಕಿಸ್ಕೋಬೇಕು. ಸ್ವಲ್ಪ ಇಳಿದಿರೋ ಮೂವತ್ತು ನಲವತ್ತರ ವಯಸ್ಸಿನವರಿಗೆ ಇದು ಸರಿ, ಇಷ್ಟ ಆಗ್ಲಿಲ್ಲ ಅಂದ್ರೆ ತಾನಾಗೇ ಹೋಗುತ್ತೆ ಅನ್ನೋದೇ ದೊಡ್ಡ ಲಾಭ. ಆದ್ರೆ ರೆಪ್ಪೆ ಚರ್ಮ ಜೋತು ಬಿದ್ದಿರೋರು ಹಣೆ ಗೆರೆಗೆ ಅಂತ ಬೊಟಾಕ್ಸ್ ಹಾಕಿಸ್ಕೊಂಡ್ರೆ ಉಲ್ಟಾ ಹೊಡೆಯುತ್ತೆ, ಹಣೆ ಸ್ನಾಯು ಎತ್ತಿ ಹಿಡಿದಿದ್ರಿಂದಲೇ ಅವರಿಗೆ ಅಷ್ಟಾದ್ರೂ ಕಾಣ್ತಾ ಇದ್ದಿದ್ದು, ಅದು ಮಲಗಿದ್ರೆ ಇನ್ನೂ ಭಾರ. ಬ್ರೋ ಲಿಫ್ಟ್ ದೊಡ್ಡ ಸರ್ಜರಿ, ಹುಬ್ಬು ನಿಜವಾಗ್ಲೂ ಮೂಳೆ ಅಂಚಿಗಿಂತ ಕೆಳಗೆ ಬಂದಿದ್ರೆ ಮಾತ್ರ ಯೋಚನೆ ಮಾಡಿ.

ಇನ್‌ಸ್ಟಾಗ್ರಾಮಲ್ಲಿ ಬರೋ ಕೊರಿಯಾದ ವಿಡಿಯೋ ನೋಡಿ ಅದೇ ಬೇಕು ಅಂತ ಹುಡುಗೀರು ಬರ್ತಾರೆ. ಅದು ರೆಪ್ಪೇಲಿ ಮಡಿಕೆ ಇಲ್ಲದವರಿಗೆ ಹೊಸ ಮಡಿಕೆ ಮಾಡೋ ಸರ್ಜರಿ, ಪೂರ್ವ ಏಷ್ಯಾದ ಕಡೆ ಅಂಥ ಕಣ್ಣು ತುಂಬ ಜನಕ್ಕಿದೆ. ನಮ್ಮ ಕಡೆ ಹೆಚ್ಚಿನವರಿಗೆ ಮಡಿಕೆ ಹುಟ್ಟಿನಿಂದ್ಲೇ ಇರುತ್ತೆ, ಆ ಬಿಫೋರ್ ಆಫ್ಟರ್ ನಮಗೆ ಲೆಕ್ಕಕ್ಕೇ ಬರಲ್ಲ.

ಕಣ್ಣಿನ ಕೆಳಗೆ

ಇಲ್ಲಿ ಗೊಂದಲ ಜಾಸ್ತಿ, ದುಡ್ಡು ಹೆಚ್ಚು ಪೋಲಾಗೋದೂ ಇಲ್ಲೇ. ಕೆಳಗಿನ ಚರ್ಮನ ಬೆರಳಲ್ಲಿ ಮೆಲ್ಲಗೆ ಪಕ್ಕಕ್ಕೆ ಎಳೆದು ನೋಡಿ. ಕಪ್ಪು ಬಣ್ಣ ಚರ್ಮದ ಜೊತೆಗೇ ಸರಿದು ಹಾಗೇ ಉಳಿದ್ರೆ ಅದು ಪಿಗ್ಮೆಂಟು, ಅಂದ್ರೆ ಚರ್ಮದ್ದೇ ಬಣ್ಣ. ಎಳೆದಾಗ ನೀಲಿ ನೇರಳೆ ಬಣ್ಣ ಇನ್ನೂ ಎದ್ದು ಕಂಡ್ರೆ ತೆಳು ಚರ್ಮದ ಕೆಳಗಿನ ರಕ್ತನಾಳ. ಟಾರ್ಚನ್ನ ಎದುರಿಂದ ಬಿಟ್ಟಾಗ ಕಪ್ಪು ಮಾಯ ಆದ್ರೆ ಅದು ಬಣ್ಣಾನೇ ಅಲ್ಲ, ಮೂಗಿನ ಪಕ್ಕದಿಂದ ಕೆನ್ನೆ ಕಡೆ ಇಳಿಯೋ ಹಳ್ಳದ ನೆರಳು. ತಲೆ ನೇರ ಇಟ್ಟು ಕಣ್ಣು ಮಾತ್ರ ಮೇಲಕ್ಕೆ ಮಾಡಿ, ಉಬ್ಬು ಇನ್ನೂ ದೊಡ್ಡದಾದ್ರೆ ಕೊಬ್ಬು ಮುಂದಕ್ಕೆ ಬಂದಿದೆ ಅಂತ. ಬೆಳಿಗ್ಗೆ ಊದಿ ಮಧ್ಯಾಹ್ನಕ್ಕೆ ಇಳಿಯುತ್ತೆ ಅಂದ್ರೆ ನೀರು ಸೇರ್ಕೊಳ್ತಿದೆ, ಅಲರ್ಜಿ, ಉಪ್ಪು, ಥೈರಾಯ್ಡ್, ಕಿಡ್ನಿ ಇವನ್ನ ನೋಡ್ಬೇಕು, ಚಾಕು ಅಲ್ಲ.

ನಮ್ಮ ಬಣ್ಣದ ಚರ್ಮದವರಲ್ಲಿ ಪಿಗ್ಮೆಂಟು ತುಂಬ ಸಾಮಾನ್ಯ, ಅದು ಮನೆತನದಿಂದಲೂ ಬರುತ್ತೆ. ಇದಕ್ಕೆ ಸರ್ಜರಿ ಉಪಯೋಗಕ್ಕೆ ಬರಲ್ಲ ಅಂತ ಖಡಾಖಂಡಿತವಾಗಿ ಹೇಳ್ತೀನಿ. ಕೊಬ್ಬು ತೆಗೆದ್ರೂ ಕಪ್ಪು ಕಪ್ಪಾಗೇ ಇರುತ್ತೆ. ಸ್ಕಿನ್ ಡಾಕ್ಟ್ರ ಹತ್ರ ಕ್ರೀಮು, ಚರ್ಮದ ಮೇಲ್ಪದರ ತೆಗೆಯೋ ಪೀಲು, ದಿನಾ ಸನ್‌ಸ್ಕ್ರೀನ್, ಎಲ್ಲಕ್ಕಿಂತ ಮುಖ್ಯ ಕಣ್ಣು ಉಜ್ಜೋದು ನಿಲ್ಸೋದು. ಧೂಳು ಅಲರ್ಜಿ ಇರೋರು ಉಜ್ಜಿ ಉಜ್ಜಿಯೇ ಕಪ್ಪು ಮಾಡ್ಕೊಂಡಿರ್ತಾರೆ, ಅಲರ್ಜಿಗೆ ಡ್ರಾಪ್ಸ್ ಹಾಕಿದ್ರೆ ಉಜ್ಜೋದು ನಿಲ್ಲುತ್ತೆ, ಕಪ್ಪು ನಿಧಾನಕ್ಕೆ ತಿಳಿಯಾಗುತ್ತೆ. ಗ್ಲಾಕೋಮಾಗೆ, ಅಂದ್ರೆ ಕಣ್ಣಿನ ಒತ್ತಡದ ಕಾಯಿಲೆಗೆ, ಲಟಾನೊಪ್ರಾಸ್ಟ್, ಬಿಮಾಟೊಪ್ರಾಸ್ಟ್ ಡ್ರಾಪ್ಸ್ ಹಾಕೋರಲ್ಲಿ ಕೆಲವರಿಗೂ ಕಣ್ಣ ಸುತ್ತ ಕಪ್ಪಾಗಿ ಒಳಗೆ ಗುಳಿ ಬೀಳುತ್ತೆ, ಹಾಗಂತ ಡ್ರಾಪ್ಸ್ ನೀವೇ ನಿಲ್ಲಿಸ್ಬೇಡಿ, ಡಾಕ್ಟ್ರಿಗೆ ಹೇಳಿ, ಬೇರೆ ಔಷಧಿ ಕೊಡೋಕಾಗುತ್ತಾ ನೋಡ್ತಾರೆ.

ಕೊಬ್ಬಿನ ಉಬ್ಬು ಇದ್ದು ಚರ್ಮ ಇನ್ನೂ ಬಿಗಿ ಇದ್ರೆ ರೆಪ್ಪೆ ಒಳಗಿಂದ ಮಾಡೋ ಲೋವರ್ ಬ್ಲೆಫರೋಪ್ಲಾಸ್ಟಿ ಒಳ್ಳೇದು, ಹೊರಗೆ ಹೊಲಿಗೆ ಇಲ್ಲ, ಗಾಯದ ಗುರುತಿಲ್ಲ, ರೆಪ್ಪೆ ಕೆಳಕ್ಕೆ ಎಳ್ಕೊಳ್ಳೋ ಭಯಾನೂ ಕಮ್ಮಿ. ಚರ್ಮಾನೂ ಸುಕ್ಕಾಗಿ ಸಡಿಲ ಆಗಿದ್ರೆ ಹೊರಗಿಂದ, ರೆಪ್ಪೆ ಕೂದಲ ಕೆಳಗೇ ಗೆರೆ ಹಾಕಿ ಮಾಡ್ತಾರೆ. ಇದರಲ್ಲಿ ಒಂಚೂರು ಜಾಸ್ತಿ ಚರ್ಮ ತೆಗೆದ್ರೂ ಕೆಳರೆಪ್ಪೆ ಇಳಿದು ಬಿಳಿ ಭಾಗ ಕಾಣುತ್ತೆ, ಯಾವಾಗ್ಲೂ ನೀರು ಸುರಿಯುತ್ತೆ, ಅದನ್ನ ಸರಿ ಮಾಡೋದು ಮೊದಲ ಸರ್ಜರಿಗಿಂತ ಕಷ್ಟ. ಅದಕ್ಕೇ ಕೆಳರೆಪ್ಪೆಗೆ ಸರ್ಜನ್ ಹುಡುಕೋವಾಗ ಮೇಲ್ರೆಪ್ಪೆಗಿಂತ ಎರಡು ಪಟ್ಟು ಹುಷಾರಾಗಿರಿ. ಕೊಬ್ಬನ್ನ ಪೂರ್ತಿ ತೆಗೀತೀರಾ ಇಲ್ಲ ಹಳ್ಳಕ್ಕೆ ಸರಿಸ್ತೀರಾ ಅಂತಾನೂ ಕೇಳಿ. ಪೂರ್ತಿ ತೆಗೆದವರಿಗೆ ವಯಸ್ಸಾಗ್ತಾ ಕಣ್ಣು ಗುಳಿ ಬಿದ್ದು ಇನ್ನೂ ಮುಪ್ಪಾದ ಹಾಗೆ ಕಾಣುತ್ತೆ, ಹಾಗಾಗಿ ಈಗ ಉಬ್ಬಿನ ಕೊಬ್ಬನ್ನೇ ಪಕ್ಕದ ಹಳ್ಳಕ್ಕೆ ತುಂಬೋ ಪದ್ಧತಿ ಜಾಸ್ತಿ. ಗದ್ದೇಲಿ ದಿಬ್ಬದ ಮಣ್ಣು ಎಳೆದು ತಗ್ಗಿಗೆ ಹಾಕಿ ಮಟ್ಟ ಮಾಡಿದ ಹಾಗೆ.

ಇನ್ನು ಫಿಲ್ಲರ್. ಹಯಲುರಾನಿಕ್ ಆಸಿಡ್ ಅನ್ನೋ ಜೆಲ್ಲನ್ನ ಹಳ್ಳಕ್ಕೆ ತುಂಬೋದು, ಅರ್ಧ ಗಂಟೆ ಕೆಲಸ, ಅವತ್ತೇ ಮನೆಗೆ, ಆರು ತಿಂಗಳಿಂದ ಒಂದು ವರ್ಷ ಇಲ್ಲ ಇನ್ನೂ ಸ್ವಲ್ಪ ಜಾಸ್ತಿ ಇರುತ್ತೆ, ಬೇಡ ಅಂದ್ರೆ ಹಯಲುರಾನಿಡೇಸ್ ಇಂಜೆಕ್ಷನ್ ಕೊಟ್ಟು ಕರಗಿಸ್ಬಹುದು. ಹಳ್ಳ ಮಾತ್ರ ಇದ್ದು ಉಬ್ಬು ಇಲ್ಲದಿರೋ ಚಿಕ್ಕ ವಯಸ್ಸಿನವರಿಗೆ ಒಳ್ಳೆ ಕೈಯಲ್ಲಿ ಇದು ಚೆನ್ನಾಗೇ ಆಗುತ್ತೆ. ಆದ್ರೆ ಉಬ್ಬು ಇರೋರಿಗೆ ಸುತ್ತ ಫಿಲ್ಲರ್ ತುಂಬಿ ಮುಚ್ಚಿಹಾಕೋದು ನನಗೆ ಒಪ್ಪಿಗೆ ಇಲ್ಲ, ಕಣ್ಣ ಕೆಳಗೆಲ್ಲಾ ಊದಿದ ಹಾಗಾಗುತ್ತೆ, ಮೇಲ್ಮೇಲೆ ಹಾಕಿದ್ರೆ ಚರ್ಮದೊಳಗಿಂದ ನೀಲಿ ಛಾಯೆ ಬೇರೆ. ಫಿಲ್ಲರ್ ರಕ್ತನಾಳಕ್ಕೆ ಹೋದ್ರೆ ದೃಷ್ಟಿ ಹೋಗೋ ಅಪಾಯ ಇದೆ, ತುಂಬಾ ಅಪರೂಪ ನಿಜ, ಆದ್ರೆ ಹೋದ ದೃಷ್ಟಿ ವಾಪಸ್ ಬರೋದು ಅದಕ್ಕಿಂತ ಅಪರೂಪ. ಅದಕ್ಕೇ ಪಾರ್ಲರಲ್ಲೋ ಹೋಟೆಲ್ ರೂಮಲ್ಲಿ ನಡೆಸೋ ಕ್ಯಾಂಪಲ್ಲೋ ಇದನ್ನ ಹಾಕಿಸ್ಕೊಳ್ಳಲೇಬೇಡಿ, ದಯವಿಟ್ಟು.

ಕಣ್ಣು ಒಣಗೋದು

ಇದನ್ನ ಯಾರೂ ಕೇಳಲ್ಲ, ಅದಕ್ಕೇ ನಾನು ಒತ್ತಿ ಹೇಳ್ತೀನಿ. ರೆಪ್ಪೆ ಸರ್ಜರಿ ಆದ್ಮೇಲೆ ಕೆಲವು ವಾರ ಕಣ್ಣು ಮಿಟುಕಿಸೋದು ಪೂರ್ತಿ ಆಗಲ್ಲ, ಮೊದಲೇ ಒಣ ಕಣ್ಣಿದ್ರೆ ಉರಿ, ಮಂಜು, ಮರಳು ಬಿದ್ದ ಹಾಗೆ. ದಿನಕ್ಕೆ ಹತ್ತು ಗಂಟೆ ಸ್ಕ್ರೀನ್ ನೋಡೋ ಐಟಿಯವರು, ಕನ್ನಡಕದ ನಂಬರ್ ತೆಗೆಸೋ ಲೇಸಿಕ್ ಆಪರೇಷನ್ ಆಗಿರೋರು, ಮುಟ್ಟು ನಿಲ್ಲೋ ವಯಸ್ಸಿನ ಹೆಂಗಸರು, ಇವರಿಗೆ ಸರ್ಜರಿಗೆ ಮುಂಚೆ ಷಿರ್ಮರ್ ಟೆಸ್ಟ್ ಆಗ್ಬೇಕು. ಕೆಳರೆಪ್ಪೆ ಒಳಗೆ ಪುಟ್ಟ ಕಾಗದದ ಪಟ್ಟಿ ಸಿಗಿಸಿ 5 ನಿಮಿಷ ಬಿಡ್ತೀವಿ, ಎಷ್ಟು ದೂರ ಒದ್ದೆ ಆಯ್ತು ನೋಡ್ತೀವಿ, 10 ಮಿಲಿಮೀಟರ್ ದಾಟಿದ್ರೆ ಚಿಂತೆ ಇಲ್ಲ, 5ಕ್ಕಿಂತ ಕಮ್ಮಿ ಇದ್ರೆ ಮೊದಲು ಒಣ ಕಣ್ಣಿಗೆ ಟ್ರೀಟ್ಮೆಂಟ್. ಲೇಸಿಕ್ ಆಗಿದ್ರೆ ಕನಿಷ್ಠ ಆರು ತಿಂಗಳು ಕಾಯಿರಿ.

ಯಾರ ಹತ್ರ ಹೋಗೋದು

ಇದನ್ನ ಮಾಡೋಕೆ ಎರಡು ಥರದ ತಜ್ಞರು ಇದ್ದಾರೆ. ಒಬ್ರು ಕಣ್ಣಿನ ಡಾಕ್ಟ್ರಾಗಿ ಆಮೇಲೆ ಒಕ್ಯುಲೋಪ್ಲಾಸ್ಟಿ, ಅಂದ್ರೆ ಕಣ್ಣು ರೆಪ್ಪೆ ಸುತ್ತಲ ಸರ್ಜರೀಲಿ ಫೆಲೋಶಿಪ್ ಮಾಡಿದವರು, ಇನ್ನೊಬ್ರು ಎಂಸಿಎಚ್ ಇಲ್ಲ ಡಿಎನ್‌ಬಿ ಅನ್ನೋ ಡಿಗ್ರಿ ಮಾಡಿದ ಪ್ಲಾಸ್ಟಿಕ್ ಸರ್ಜನ್. ಟೋಸಿಸ್, ಥೈರಾಯ್ಡ್ ಕಣ್ಣು, ಒಣ ಕಣ್ಣು, ಹಿಂದೆ ಸರ್ಜರಿ ಆಗಿರೋ ಕಣ್ಣು ಅಂದ್ರೆ ಒಕ್ಯುಲೋಪ್ಲಾಸ್ಟಿಯವರೇ ಸರಿ. ಹುಬ್ಬು, ಕೆನ್ನೆ, ಮುಖ ಎಲ್ಲಾ ಸೇರಿಸಿ ಮಾಡಿಸೋದಾದ್ರೆ ಪ್ಲಾಸ್ಟಿಕ್ ಸರ್ಜನ್. ಚರ್ಮ ಮಾತ್ರ ತೆಗೆಯೋದಕ್ಕೆ ಇಬ್ಬರಲ್ಲಿ ಯಾರು ದಿನಾ ಇದನ್ನ ಮಾಡ್ತಾರೋ ಅವರು. ಬೋರ್ಡಲ್ಲಿ ಕಾಸ್ಮೆಟಾಲಜಿಸ್ಟ್ ಅಂತ ಮಾತ್ರ ಇದ್ರೆ ಎದ್ದು ಬನ್ನಿ.

2022ರ ಮೇ ತಿಂಗಳಲ್ಲಿ ಬೆಂಗಳೂರಲ್ಲಿ ಕೊಬ್ಬು ತೆಗೆಸೋ ಸರ್ಜರಿ ಆದ್ಮೇಲೆ ಇಪ್ಪತ್ತೊಂದು ವರ್ಷದ ಕಿರುತೆರೆ ನಟಿ ತೀರಿಕೊಂಡಿದ್ದು ನೆನಪಿರ್ಬೇಕು ನಿಮಗೆ. ಅದು ರೆಪ್ಪೆ ಸರ್ಜರಿ ಅಲ್ಲ, ಆದ್ರೂ ಆಸ್ಪತ್ರೆಗೆ ಯಾವುದಕ್ಕೆ ಪರ್ಮಿಷನ್ ಇದೆ ಅಂತ ನೋಡೋದು ಯಾಕೆ ಬೇಕು ಅಂತ ಅದರಿಂದ ಗೊತ್ತಾಗುತ್ತೆ. ನಮ್ಮ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆ ಕ್ಲಿನಿಕ್ಕೆಲ್ಲಾ ಕೆಪಿಎಂಇ, ಅಂದ್ರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಕೆಳಗೆ ರಿಜಿಸ್ಟರ್ ಆಗಿರ್ಬೇಕು, ಆ ಸರ್ಟಿಫಿಕೇಟು ಗೋಡೆ ಮೇಲೆ ಇರ್ಬೇಕು, ಡಾಕ್ಟ್ರ ನಂಬರ್ ಕರ್ನಾಟಕ ಮೆಡಿಕಲ್ ಕೌನ್ಸಿಲಲ್ಲಿ ಇರ್ಬೇಕು. ಕೇಳೋಕೆ ಸಂಕೋಚ ಬೇಡ. ನಾನಾಗಿದ್ರೆ ಇನ್ನೆರಡು ಪ್ರಶ್ನೆ ಕೇಳ್ತೀನಿ: ನಮ್ಮಂಥ ಮೈಬಣ್ಣದವರ ಮೂರು ತಿಂಗಳಾದ ಮೇಲಿನ ಫೋಟೋ ತೋರಿಸ್ತೀರಾ, ಅರ್ಧರಾತ್ರೀಲಿ ರಕ್ತ ಬಂದ್ರೆ ಯಾರ ನಂಬರಿಗೆ ಫೋನ್ ಮಾಡ್ಲಿ. ಎರಡನೇದಕ್ಕೆ ರಿಸೆಪ್ಷನ್ ನಂಬರ್ ಕೊಟ್ರೆ ನನಗೆ ಸಾಕಾಗಲ್ಲ.

ಯಾಕಂದ್ರೆ ಈ ಸರ್ಜರೀಲಿ ನಿಜವಾಗ್ಲೂ ಹೆದರ್ಬೇಕಾದ್ದು ಒಂದೇ, ಕಣ್ಣಿನ ಹಿಂದೆ ರಕ್ತ ಕಟ್ಕೊಳ್ಳೋದು. ಸುಮಾರು 2000ದಲ್ಲಿ ಒಬ್ರಿಗೆ ಆಗ್ಬಹುದು, ಅದರಲ್ಲೂ ದೃಷ್ಟಿ ಹೋಗೋದು ಇನ್ನೂ ಕಮ್ಮಿ ಜನಕ್ಕೆ, ಹೆಚ್ಚಾಗಿ ಮೊದಲ 24 ಗಂಟೇಲಿ ಆಗುತ್ತೆ. ತಡೆಯೋಕಾಗದ ನೋವು, ಒಂದೇ ಕಣ್ಣು ಕಲ್ಲಿನ ಹಾಗೆ ಬಿಗಿಯಾಗಿ ಊದೋದು, ದೃಷ್ಟಿ ಮಂಕಾಗೋದು, ಇವುಗಳಲ್ಲಿ ಒಂದಾದ್ರೂ ಆ ಕ್ಷಣ ಹೊರಡಿ, ಬೆಳಗಾಗ್ಲಿ ಅಂತ ಕಾಯ್ಬೇಡಿ, ಒತ್ತಡ ಇಳಿಸೋಕೆ ಸಿಗೋದು ಗಂಟೆ ಲೆಕ್ಕದ ಸಮಯ. ಬಿಪಿ ಕಂಟ್ರೋಲಲ್ಲಿ ಇರ್ಬೇಕು. ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಥರದ ರಕ್ತ ತೆಳು ಮಾಡೋ ಮಾತ್ರೆ, ಮೀನೆಣ್ಣೆ, ವಿಟಮಿನ್ ಇ ತಗೊಳ್ತಿದ್ರೆ ಮೊದಲೇ ಹೇಳ್ಬೇಕು. ಹಾರ್ಟಿನ ಮಾತ್ರೆ ನಿಲ್ಸೋದು ಬಿಡೋದು ನಿಮ್ಮ ಹಾರ್ಟ್ ಡಾಕ್ಟ್ರು ಹೇಳ್ಬೇಕು, ನೀವಲ್ಲ.

ದುಡ್ಡು, ರಜೆ

ಹೆಲ್ತ್ ಇನ್ಶೂರೆನ್ಸ್ ಕಾಸ್ಮೆಟಿಕ್‌ಗೆ ಕೊಡಲ್ಲ, ಪಾಲಿಸೀಲಿ ಯಾವುದಕ್ಕೆ ದುಡ್ಡು ಕೊಡಲ್ಲ ಅನ್ನೋ ಪಟ್ಟೀಲಿ ಎಕ್ಸ್‌ಕ್ಲೂಷನ್ 08 ಅಂತ ಬರೆದಿರುತ್ತೆ. ಆದ್ರೆ ರೆಪ್ಪೆ ಇಳಿದು ನೋಟಕ್ಕೇ ಅಡ್ಡ ಆಗ್ತಿದ್ರೆ ಅದು ಸೌಂದರ್ಯದ ವಿಷಯ ಅಲ್ಲ, ಸುತ್ತ ಎಷ್ಟು ಅಗಲಕ್ಕೆ ಕಾಣುತ್ತೆ ಅಂತ ಅಳೆಯೋ ಫೀಲ್ಡ್ ಟೆಸ್ಟನ್ನ ಒಂದ್ಸಲ ಹಾಗೇ, ಇನ್ನೊಂದ್ಸಲ ರೆಪ್ಪೆಗೆ ಟೇಪ್ ಹಚ್ಚಿ ಎತ್ತಿ ಮಾಡಿಸಿ, ಎರಡರ ವ್ಯತ್ಯಾಸ, ಫೋಟೋ, ಡಾಕ್ಟ್ರ ಪತ್ರ ಇಟ್ಟು ಸರ್ಜರಿಗೆ ಮುಂಚೇನೇ ಅಪ್ರೂವಲ್ ಕೇಳಿ. ಅಮೆರಿಕದಲ್ಲಿ ಇರೋ ನಮ್ಮವರಿಗೂ ಇದೇ ಮಾತು, ಅಲ್ಲೂ ಫೀಲ್ಡ್ ಟೆಸ್ಟಲ್ಲಿ ತೊಂದ್ರೆ ಕಂಡ್ರೆ ಇನ್ಶೂರೆನ್ಸ್ ಕೊಡೋದುಂಟು, ಊರಿಗೆ ಬಂದು ಕೈಯಿಂದ ಕಟ್ಟೋಕೆ ಮುಂಚೆ ಅಲ್ಲಿ ವಿಚಾರಿಸಿ. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ, ಕಾಸ್ಮೆಟಿಕ್ ಸರ್ಜರಿಗೆ 18 ಪರ್ಸೆಂಟ್ ಇದೆ, ಕೊಟೇಷನ್ ಕೊಟ್ಟಾಗ ಅದು ಸೇರಿದ್ಯಾ, ಆಪರೇಷನ್ ಥಿಯೇಟರ್ ಚಾರ್ಜು, ಔಷಧಿ, ಹೊಲಿಗೆ ಬಿಚ್ಚೋದು, ಮತ್ತೆ ಸರಿ ಮಾಡ್ಬೇಕಾಗಿ ಬಂದ್ರೆ ಯಾರು ಕೊಡೋದು, ಎಲ್ಲಾ ಬರೆಸಿಕೊಳ್ಳಿ. ಇವತ್ತೇ ಬುಕ್ ಮಾಡಿದ್ರೆ ಡಿಸ್ಕೌಂಟು ಅಂದ್ರೆ ಬೇಡ ಅನ್ನಿ.

ನೀಲಿ ಕಂದು ಗುರುತು, ಬಾವು ಹತ್ತರಿಂದ ಹದಿನಾಲ್ಕು ದಿನ ಇರುತ್ತೆ. ಕೂತು ಮಾಡೋ ಕೆಲಸಕ್ಕೆ ಒಂದು ವಾರಕ್ಕೆ ಹೋಗ್ಬಹುದು, ಕನ್ನಡಕ ಹಾಕ್ಕೊಂಡು. ತಲೆ ಎತ್ತರಿಸಿ ಮಲಗೋದು, ಐಸ್ ಇಡೋದು, ಬಗ್ಗಿ ನೆಲ ಒರೆಸೋದು ಕೊಡ ಎತ್ತೋದು ಬೇಡ, ಕಾಂಟ್ಯಾಕ್ಟ್ ಲೆನ್ಸು ಮೇಕಪ್ಪು ಎರಡು ವಾರ ಬೇಡ. ಗೆರೆ ಕೆಂಪು ಹೋಗಿ ಕಣ್ಣು ನಿಮ್ಮದೇ ಅನ್ಸೋಕೆ ಮೂರು ತಿಂಗಳು ಬೇಕು. ಮಗಳ ಮದುವೆ ಮುಂದಿನ ತಿಂಗಳು ಇಟ್ಕೊಂಡು ಈಗ ಬರ್ತಾರೆ ಪಾಪ, ಅವರಿಗೆ ನಾನು ಮದುವೆ ಮುಗಿಸಿ ಬನ್ನಿ ಅಂತೀನಿ.

ಯಾವುದೂ ಬೇಡ ಅನ್ನೋದೂ ಒಂದು ಆಯ್ಕೆನೇ, ಅದನ್ನ ಕೊನೇಗೆ ಇಡ್ಬೇಡಿ. ನೋಟಕ್ಕೆ ತೊಂದ್ರೆ ಇಲ್ಲ, ಹಣೆ ನೋವಿಲ್ಲ, ನಿಮಗೆ ಏನೂ ಅನ್ಸಲ್ಲ, ಬರೀ ಬೇರೆಯವರು ಹೇಳ್ತಾರೆ ಅಂತ ಆದ್ರೆ ಒಂದು ವರ್ಷ ಬಿಟ್ಟು ಮತ್ತೆ ನೋಡಿ. ಹುಡುಗಿ ನೋಡೋಕೆ ಬರ್ತಾರೆ ಅಂತ ಇಪ್ಪತ್ತೆರಡು ವರ್ಷದ ಮಗಳನ್ನ ಕರ್ಕೊಂಡು ಬರೋ ತಾಯಂದಿರಿಗೆ ನಾನು ನೇರವಾಗೇ ಹೇಳ್ತೀನಿ, ಅವಳಿಗೆ ಬೇಕಾ ಅಂತ ಅವಳನ್ನ ಒಬ್ಬಳನ್ನೇ ಕೂರಿಸಿ ಕೇಳ್ತೀವಿ, ನೀವು ಹೊರಗಿರಿ ಅಮ್ಮಾ ಅಂತ. ಅದೇ ಅರವತ್ತೈದರ ಅಜ್ಜಿ ಗಲ್ಲ ಎತ್ತಿ ಪೇಪರ್ ಓದ್ತಾ ಇದ್ರೆ, ಈ ವಯಸ್ಸಲ್ಲಿ ಅಂದ ಯಾಕೆ ಅಂತ ಮನೆಯವರು ತಡೀತಾರೆ, ಅವರಿಗೆ ಇದು ಖಂಡಿತ ಬೇಕು, ಕರ್ಕೊಂಡು ಬನ್ನಿ.

ಮೊದಲ ಸಲ ತೋರಿಸೋಕೆ ಹೋಗೋವಾಗ ಹಳೇ ಫೋಟೋ, ತಗೊಳ್ತಿರೋ ಎಲ್ಲಾ ಮಾತ್ರೆ ಚೀಟಿ, ಶುಗರ್, ಬಿಪಿ, ಥೈರಾಯ್ಡ್ ರಿಪೋರ್ಟ್, ಹಿಂದೆ ಫಿಲ್ಲರ್ ಹಾಕಿಸಿದ್ರೆ ಅದರ ಹೆಸರು ಎಲ್ಲಾ ತಗೊಂಡು ಹೋಗಿ. ಕಾಡಿಗೆ, ಐಲೈನರ್, ಲೆನ್ಸ್ ಹಾಕ್ಬೇಡಿ. ಪಾಪೆ ದೊಡ್ಡ ಮಾಡೋ ಡ್ರಾಪ್ಸ್ ಹಾಕಿದ್ರೆ ಒಂದೆರಡು ಗಂಟೆಗಿಂತ ಜಾಸ್ತಿ ಹೊತ್ತು ಮಂಜಾಗಿರುತ್ತೆ, ಗಾಡಿ ಓಡಿಸೋಕಾಗಲ್ಲ, ಜೊತೆಗೆ ಒಬ್ರನ್ನ ಕರ್ಕೊಂಡು ಹೋಗಿ.